ಹುಲ್ಲು ತುಂಬಿದ ಸೈಕಲ್ಲು

ಪುಟ್ಟಮಾದಯ್ಯ ಮೇಷ್ಟ್ರ ಕಷ್ಟಗಳಿಗೆಲ್ಲ ಮೂಲ ಅವರ ಬಲಗಾಲಿನ ಅಂಗಾಲಲ್ಲಿದ್ದ ಆಣಿ. ಇದ್ದದ್ದು ಕಡಲೆಕಾಳಿನಷ್ಟು. ಆದರೆ ಅದರ ಮೇಲೆ ಭಾರ ಬಿದ್ದರೆ ಮೇಷ್ಟ್ರಿಗೆ ಎರಡರ ಮಗ್ಗಿಯೂ ಮರೆತುಹೋಗುತ್ತಿತ್ತು. ಬೆಸಗರಹಳ್ಳಿಯ ಅವರ ಮನೆಯಿಂದ, ಅವರು ಪಾಠ ಹೇಳುವ ಹುಣಸೇಕೊಪ್ಪಲಿಗೆ, ಆತಗೂರಿನ ದಾರಿಯಲ್ಲಿ ಆರು ಮೈಲಿ. ಆಣಿ ಇಲ್ಲದವರಿಗೆ ಎರಡು ಗಂಟೆಯ ನಡಿಗೆ. ಮೇಷ್ಟ್ರಿಗೆ ಎಷ್ಟು ಹೊತ್ತು ಎಂಬುದನ್ನು ಆಣಿಯನ್ನೇ ಕೇಳಬೇಕು.

ಬಸ್ಸಿರಲಿಲ್ಲವೇ ಎಂದರೆ, ಇತ್ತು. ಯುದ್ಧದ ದಿನಗಳು. ಪೆಟ್ರೋಲೆಲ್ಲ ಮಿಲಿಟರಿಯ ಪಾಲಾಗಿ, ಬಸ್ಸು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿತ್ತು. ಓಡುತ್ತಿತ್ತು ಎಂಬುದು ಮಾತಿಗೆ. ಹಂಡೆಯಂಥ ಒಂದು ಒಲೆಯನ್ನು ಬೆನ್ನಿಗೆ ಕಟ್ಟಿಕೊಂಡು, ಕೆಮ್ಮಿಕೊಂಡು ಬರುತ್ತಿತ್ತು. ದಿಣ್ಣೆ ಸಿಕ್ಕಿದಲ್ಲಿ ಜನ ಇಳಿದು ತಳ್ಳಬೇಕು. ಆ ಬಸ್ಸನ್ನು ನಂಬಿ ಮೇಷ್ಟ್ರು ಆ ವರ್ಷದಲ್ಲಿ ಮೂರೇ ಮೂರು ಸಲ ತಡವಾಗಿ ಹೋಗಿದ್ದರು. ಇನ್ಸ್‌ಪೆಕ್ಟರ್ ಸಾಹೇಬರು ತಪಾಸಣೆಗೆ ಬಂದದ್ದೂ ಮೂರೇ ಸಲ, ಅದೇ ಮೂರು ದಿನ. ಹಣೆಬರಹ ಕೆಟ್ಟವನು ಹಗ್ಗ ಮುಟ್ಟಿದರೂ ಹಾವಾಗುತ್ತದೆ.

ಮೂರನೆಯ ಸಲ ಸಾಹೇಬರು ಶಾಲೆಯ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದರು: "ಇನ್ನೊಂದು ಸಲ ತಡವಾದರೆ ಕಿರುಬನದೊಡ್ಡಿಗೆ ವರ್ಗ."

ಕಿರುಬನದೊಡ್ಡಿ ಎಂದರೆ ಮಳವಳ್ಳಿ ತಾಲ್ಲೂಕು ಮುಗಿದು ಕಾಡು ಶುರುವಾಗುವ ಜಾಗ. ಮಳವಳ್ಳಿಯಿಂದಲೇ ಹದಿಮೂರು ಮೈಲಿ. ಮೇಷ್ಟ್ರ ಮನೆಯಿಂದ ಲೆಕ್ಕ ಹಾಕಿದರೆ ಮೂವತ್ತು ಮೈಲಿಗೂ ಮೇಲೆ. ಅಲ್ಲಿಗೆ ಹೋದ ಮೇಷ್ಟ್ರುಗಳಲ್ಲಿ ಒಬ್ಬರು ಚಳಿಜ್ವರ ಹೊತ್ತುಕೊಂಡು ಬಂದಿದ್ದರು. ಇನ್ನೊಬ್ಬರು ಅರ್ಧ ದಾರಿಯಲ್ಲೇ ಮರದ ಕೆಳಗೆ ಕೂತು ರಜಾ ಅರ್ಜಿ ಬರೆದಿದ್ದರು.

ಚಳಿಜ್ವರಕ್ಕೆ ಮೇಷ್ಟ್ರು ಹೆದರಿದವರಲ್ಲ. ಅವರ ಹೆಂಡತಿ ರೇವಮ್ಮ ಈಗ ಏಳು ತಿಂಗಳ ಬಸುರಿ. ಮದುವೆಯಾಗಿ ಒಂಬತ್ತು ವರ್ಷಕ್ಕೆ, ಎಷ್ಟೋ ದೇವರಿಗೆ ಎಷ್ಟೋ ಕಾಯಿ ಒಡೆದ ಮೇಲೆ. ತವರಿನಲ್ಲಿ ತಾಯಿಯಿಲ್ಲ, ಇಲ್ಲಿ ಅತ್ತೆಯಿಲ್ಲ. ಅವಳನ್ನು ಒಬ್ಬಳನ್ನೇ ಬಿಟ್ಟು ಮೂವತ್ತು ಮೈಲಿ ದೂರ ಹೋಗಿ ಕೂರುವುದನ್ನು ನೆನೆದರೆ ಮೇಷ್ಟ್ರು ಅರ್ಧ ಊಟಕ್ಕೇ ತಟ್ಟೆ ಬಿಟ್ಟು ಏಳುತ್ತಿದ್ದರು.

ಹೀಗಿರುವಾಗ ಒಂದು ಶನಿವಾರ ಸಾಯಂಕಾಲ ಸುದ್ದಿ ಬಂತು. ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಸರಿಯಾಗಿ ಸಾಹೇಬರ ತಪಾಸಣೆ. ಆಣಿಯನ್ನು ಬ್ಲೇಡಿನಲ್ಲಿ ಕೆತ್ತಲು ಹೋಗಿ ಮೇಷ್ಟ್ರ ಕಾಲು ಆ ವಾರವೇ ಕೀವು ತುಂಬಿ ಬದನೆಕಾಯಿಯಾಗಿತ್ತು.

"ನಾಳೀಕೇ ಓಗಿ ಸ್ಕೂಲಲ್ಲೇ ಮಲ್ಕಬುಡಿ" ಎಂದಳು ರೇವಮ್ಮ.

"ನಿನ್ನ ಈ ತರ ಒಬ್ಬಳ್ನೇ ಬುಟ್ಟು? ನನ್ ಕೈಲಾಗಕಿಲ್ಲ."

"ಅಂಗಾರೆ ಕರಿಯಯ್ಯಣ್ಣನ ಗಾಡಿ ಕೇಳಿ."

"ಅವನ ಗಾಡಿ ಸೋಮವಾರ ಮದ್ದೂರಿಗೆ ಬೆಲ್ಲ ಏರ್ಕಂಡು ಓಯ್ತದೆ."

ರೇವಮ್ಮ, "ಕೊಟ್ಟಿಗೇಲಿ ಮಾವನೋರ ಸೈಕಲ್ಲು ಅದಲ್ಲ?" ಎಂದಳು.

ಇತ್ತು. ಮೇಷ್ಟ್ರ ಅಪ್ಪ ರಾಮಲಿಂಗಯ್ಯ ವಯಸ್ಸಿನಲ್ಲಿ ನಾಲೆಯ ಸರ್ವೆಯವರ ಜೊತೆ ಸರಪಳಿ ಹಿಡಿದು ಅಳೆಯುತ್ತಿದ್ದವರು. ಸರ್ವೆ ಮುಗಿಸಿ ಸೀಮೆಗೆ ಹೊರಟ ದೊರೆಯೊಬ್ಬ ತನ್ನ ಸೈಕಲ್ಲನ್ನು ಅವರಿಗೆ ಕೊಟ್ಟು ಹೋಗಿದ್ದ. ಆಗಲೇ ಅದು ಹಳೆಯದು. ರಾಮಲಿಂಗಯ್ಯನವರು ತೀರಿಕೊಂಡು ಹನ್ನೊಂದು ವರ್ಷ. ಅಂದಿನಿಂದ ಸೈಕಲ್ಲು ಕೊಟ್ಟಿಗೆಯ ಮೂಲೆಯಲ್ಲಿ ಹುಲ್ಲಿನ ಹಿಂದೆ ನಿಂತಿತ್ತು.

ಭಾನುವಾರ ಬೆಳಕು ಹರಿಯುತ್ತಲೇ ಮೇಷ್ಟ್ರು ಹುಲ್ಲು ಸರಿಸಿ ಹ್ಯಾಂಡಲ್ಲಿಗೆ ಕೈ ಹಾಕಿದರು. ಹ್ಯಾಂಡಲ್ಲಿಗೆ ಕಟ್ಟಿದ ಬೆತ್ತದ ಬುಟ್ಟಿಯಿಂದ ಏನೋ ಒಂದು ಅವರ ಮುಂಗೈಯನ್ನು ಕುಕ್ಕಿತು.

"ಯಾವನ್ಲಾ ಅವ್ನು ನನ್ ಕೋಳಿ ಮುಟ್ಟೋನು!" ಎಂದು ಗೋಡೆಯಾಚೆಯಿಂದ ಕೂಗಿದವಳು ಪಕ್ಕದ ಮನೆಯ ದೊಡ್ಡತಾಯಮ್ಮ. ಎಪ್ಪತ್ತು ವರ್ಷದ ಮುದುಕಿ. ಕಣ್ಣು ಮಂಜು, ಕಿವಿ ಮಾತ್ರ ಪೊಲೀಸಿನವರದು.

"ನಾನೇ ಕಣಜ್ಜಿ, ಪುಟ್ಟಮಾದ. ಸೈಕಲ್ ಬೇಕಿತ್ತು."

"ಕಾವು ಕುಂತಿರೋ ಕೋಳಿ ಎಬ್ಬುಸ್ತೀಯೇನ್ಲಾ? ಮನೇಲಿ ಬಸ್ರಿ ಎಂಗ್ಸು ಮಡಿಕಂಡು? ಓದುದೋನು ಅಂತಾರೆ ನಿನ್ನ!"

ಆ ಮಾತಿಗೆ ಮೇಷ್ಟ್ರು ಕೈ ಹಿಂದಕ್ಕೆ ಎಳೆದುಕೊಂಡರು. ಕೊನೆಗೆ ಒಪ್ಪಂದವಾಯಿತು. ಬುಟ್ಟಿಯ ಕಟ್ಟು ಬಿಚ್ಚಿ, ಕೋಳಿಯನ್ನು ಹನ್ನೊಂದು ಮೊಟ್ಟೆಗಳ ಸಮೇತ ಅಲುಗಾಡದಂತೆ ಅಜ್ಜಿಯ ಮನೆಗೆ ಮೆರವಣಿಗೆಯಲ್ಲಿ ಒಯ್ಯುವುದು. ಮೇಷ್ಟ್ರು ಕುಂಟುತ್ತಾ ಹೊತ್ತರು. ಕೋಳಿ ದಾರಿಯುದ್ದಕ್ಕೂ ಕುಕ್ಕಿತು.

ಸೈಕಲ್ಲನ್ನು ಹೊರಗೆ ತಂದಾಗ ಮೇಷ್ಟ್ರ ಅರ್ಧ ಆಸೆ ಬತ್ತಿತು. ಮೈಯೆಲ್ಲ ತುಕ್ಕು, ಸೀಟು ಒಣಕೊಬ್ಬರಿ, ಚೈನು ಹಾವು ಸತ್ತು ಒಣಗಿದ ಹಾಗೆ. ಟೈರುಗಳು ಇದ್ದವು, ಒಳಗಿನ ಟ್ಯೂಬು ಇಲಿಯ ಹೊಟ್ಟೆ ಸೇರಿ ಎಷ್ಟು ಕಾಲವಾಗಿತ್ತೋ.

ಪುಣ್ಯಕ್ಕೆ ಅಂದು ಮದ್ದೂರಿನ ಖಾಸಿಂ ಸಾಬರು ಊರಿಗೆ ಬರುವ ದಿನ. ಪ್ರತಿ ಭಾನುವಾರ ಅರಳಿಮರದ ಕೆಳಗೆ ಗೋಣಿ ಹಾಸಿ, ಬೀಗ, ಸ್ಟವ್ವು, ಲಾಟೀನು ರಿಪೇರಿ ಮಾಡುತ್ತಿದ್ದರು. ವಯಸ್ಸಿನಲ್ಲಿ ಮೈಸೂರಿನ ದೊಡ್ಡ ಸೈಕಲ್ ಅಂಗಡಿಯಲ್ಲಿದ್ದವರು. ಮೇಷ್ಟ್ರು ಸೈಕಲ್ಲನ್ನು ಎಳೆದು ತಂದು ಮುಂದೆ ನಿಲ್ಲಿಸಿದಾಗ ಖಾಸಿಂ ಸಾಬರು ಕೈಲಿದ್ದ ಸ್ಟವ್ವನ್ನು ಕೆಳಗಿಟ್ಟರು. ತುಕ್ಕಿನ ಮೇಲೆ ಹೆಬ್ಬೆರಳಾಡಿಸಿದರು. ಬೆರಳಿನ ಕೆಳಗೆ ಒಂದಿಷ್ಟು ಬೆಳ್ಳಿಯಂಥದು ಹೊಳೆಯಿತು.

"ಮೇಷ್ಟ್ರೇ, ಈ ಮಾಲು ಎಲ್ಲಿ ಮುಚ್ಚಿಟ್ಟಿದ್ರಿ?"

"ಕೊಟ್ಟಿಗೇಲಿ."

"ಪಾಪ ಬರ್ತದೆ ನಿಮಗೆ" ಎಂದರು ಸಾಬರು ನಿಜವಾದ ನೋವಿನಿಂದ. "ಅಸ್ಲಿ ಉಕ್ಕು. ಈಗ ಯಾರು ಮಾಡ್ತಾರೆ ಇಂಥದ್ದ? ಇವತ್ತು ಬ್ಯಾರೆ ಕೆಲಸ ಇಲ್ಲ. ಇದೊಂದೇ."

ತುಕ್ಕು ಬಿಡಿಸಲು ಸೀಮೆಎಣ್ಣೆ ಬೇಕು. ಸೀಮೆಎಣ್ಣೆಗೆ ರೇಷನ್ನು. ರೇವಮ್ಮ ವಾರದ ದೀಪಕ್ಕೆ ಇಟ್ಟಿದ್ದ ಬಾಟಲಿಯನ್ನು ತಂದುಕೊಟ್ಟಳು. ಹುಣಸೆಹಣ್ಣು, ಬೂದಿ ಹಿಡಿದು ತಾನೂ ಒಂದು ಕಡೆ ಉಜ್ಜಲು ಕೂತಳು. ಮೇಷ್ಟ್ರು ಬೇಡವೆಂದರೆ, "ತಂಬಿಗೆ ಉಜ್ಜಕಿಲ್ವಾ? ಅಂಗೇ ಇದು" ಎಂದಳು. ಮಧ್ಯಾಹ್ನದ ಹೊತ್ತಿಗೆ ಸೈಕಲ್ಲಿನ ಮೈ ಕಾಣತೊಡಗಿತು. ಸೀಟು ಹರಳೆಣ್ಣೆ ಕುಡಿದು ಮೆತ್ತಗಾಯಿತು.

"ಟ್ಯೂಬು?" ಎಂದರು ಮೇಷ್ಟ್ರು ಹೆದರುತ್ತಾ.

"ರಬ್ಬರ್ ತೋಟ ಪೂರಾ ಜಪಾನಿನೋನು ಹಿಡ್ಕಂಡು ಕೂತವ್ನೆ. ಟ್ಯೂಬ್ ಬೇಕಂದ್ರೆ ಅವನ್ನೇ ಕೇಳ್ಬೇಕು."

ಅಷ್ಟರಲ್ಲಿ ಕರಿಯಯ್ಯ ಬಂದ. ಮೇಷ್ಟ್ರ ಬಾಲ್ಯದ ಗೆಳೆಯ, ಊರಿನಲ್ಲಿ ಎತ್ತಿನ ಗಾಡಿ ಕಟ್ಟುವವನು. ಪ್ರಪಂಚದ ಯಾವ ಕಷ್ಟವನ್ನು ತೋರಿಸಿದರೂ ಅದಕ್ಕೆ ಗಾಡಿಯಲ್ಲಿ ಉತ್ತರ ಹುಡುಕುವವನು.

"ಟ್ಯೂಬ್ ಯಾಕ್ಲಾ ಪುಟ್ಮಾದ? ನನ್ ಗಾಡಿ ಚಕ್ರದಲ್ಲಿ ಟ್ಯೂಬದಾ? ನಮ್ಮಜ್ಜನ ಕಾಲದಿಂದ ಉರುಳ್ತಾ ಇಲ್ವಾ?"

"ಗಾಡೀನೇ ಬ್ಯಾರೆ, ಸೈಕಲ್ಲೇ ಬ್ಯಾರೆ ಕಣಪ್ಪ" ಎಂದರು ಖಾಸಿಂ ಸಾಬರು.

"ಎರಡಕ್ಕೂ ಎರಡೇ ಚಕ್ರ ತಾನೆ ಸಾಬ್ರೇ? ಸುಮ್ಕಿರಿ."

ಕರಿಯಯ್ಯ ಮನೆಗೆ ಓಡಿ ಒಂದು ಹೊರೆ ಭತ್ತದ ಹುಲ್ಲು, ದಬ್ಬಣ, ಗೋಣಿದಾರ ತಂದ. ಹುಲ್ಲನ್ನು ನೀರು ಚಿಮುಕಿಸಿ ಹೊಸೆದು ಮಾರುದ್ದದ ಹಗ್ಗ ಮಾಡಿ, ಟೈರಿನ ಹೊಟ್ಟೆಯೊಳಗೆ ಸುತ್ತುಸುತ್ತಾಗಿ ತುರುಕಿ, ಹರಿದ ಕಡೆಯೆಲ್ಲ ದಬ್ಬಣದಲ್ಲಿ ಹೊಲಿದ. ಖಾಸಿಂ ಸಾಬರಿಗೆ ನೋಡಲಾಗಲಿಲ್ಲ. ಆದರೆ ಅವರ ಹತ್ತಿರವೂ ಬೇರೆ ದಾರಿಯಿರಲಿಲ್ಲ. ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ವಾಸಿ ಎಂದುಕೊಂಡು ನಮಾಜಿಗೆ ಎದ್ದುಹೋದರು.

ಆ ಹೊತ್ತಿನಲ್ಲೇ ಅನಾಹುತವಾದದ್ದು. ಸಾಬರು ತಿರುಗಿ ಬಂದಾಗ ಸೈಕಲ್ಲು ಎಮ್ಮೆಯಂತೆ ಕಪ್ಪಗೆ ಮಿರುಗುತ್ತಿತ್ತು. ಕರಿಯಯ್ಯ ಗಾಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆಯನ್ನು ಒಂದು ಚಿಪ್ಪು ತಂದು ಚೈನಿಗೆ, ಚಕ್ರಕ್ಕೆ, ಬ್ರೇಕಿನ ರಬ್ಬರಿಗೆ, ಎಲ್ಲಕ್ಕೂ ಮೆತ್ತಿದ್ದ.

"ಅಯ್ಯೋ! ಬ್ರೇಕಿಗೂ ಬಳಿದುಬುಟ್ರಾ?" ಸಾಬರು ತಲೆ ಮೇಲೆ ಕೈಹೊತ್ತರು.

"ಎಲ್ಲಾ ಕಡೀಕೂ ಸಮ್ವಾಗಿ ಬಳ್ದಿವ್ನಿ. ಒಂದಕ್ಕೆ ಬಳ್ದು ಒಂದ್ ಬುಟ್ರೆ ಪಕ್ಸಪಾತ ಆಗಕಿಲ್ವಾ?"

ಒರೆಸಿದಷ್ಟೂ ಅದು ಹರಡಿತು. ಇನ್ನು ಬ್ರೇಕಿನ ಆಸೆ ಬಿಟ್ಟಂತೆಯೇ. ಸಾಬರು ಮೇಷ್ಟ್ರನ್ನು ಪಕ್ಕಕ್ಕೆ ಕರೆದು ಹೇಳಿದರು: "ನೋಡಿ, ಇದು ಹಳೇ ಮಾಲು. ಈಗಿನ ಸೈಕಲ್ ತರ ಕಾಲು ಸುಮ್ನೆ ಇಟ್ರೆ ಉರುಳಲ್ಲ. ಚಕ್ರ ತಿರುಗೋವರೆಗೂ ಪೆಡಲ್ಲೂ ತಿರುಗ್ತಾನೇ ಇರ್ತದೆ. ನಿಲ್ಸಬೇಕಂದ್ರೆ ಹಿಂದಕ್ಕೆ ಅದುಮಿ. ಅದುಮೋ ಶಕ್ತಿ ಇದೆಯಾ ಕಾಲಲ್ಲಿ?"

ಮೇಷ್ಟ್ರು ಆಣಿಯ ಕಾಲನ್ನು ಎಡಗಾಲಿನ ಹಿಂದೆ ಸರಿಸಿದರು. ಮೈಸೂರಿನಲ್ಲಿ ಟ್ರೈನಿಂಗಿಗೆ ಇದ್ದಾಗ ಬಾಡಿಗೆ ಸೈಕಲ್ಲು ಓಡಿಸಿದ್ದು ಬಿಟ್ಟರೆ ಅವರಿಗೆ ಬೇರೆ ಅಭ್ಯಾಸವಿರಲಿಲ್ಲ.

ಕೊನೆಗೆ ಸಾಬರು ಬೆಲ್ಲನ್ನು ಬಿಚ್ಚಿ, ಒಳಗಿದ್ದ ಜೇಡರ ಬಲೆ ತೆಗೆದು, ಮತ್ತೆ ಕೂರಿಸಿ ಒಂದು ಸಲ ಒತ್ತಿದರು. ಟ್ರಿಣ್ ಎಂದಿತು. ಮೇಷ್ಟ್ರು ಅಲ್ಲಾಡದೆ ನಿಂತರು. ಅಪ್ಪ ಸಂಜೆ ಬೀದಿಯ ತಿರುವಿನಲ್ಲಿ ಒತ್ತುತ್ತಿದ್ದ ಬೆಲ್ಲು, ಅವರು ಓಡಿಹೋಗಿ ಮುಂದಿನ ಕಂಬಿಯ ಮೇಲೆ ಕೂರುತ್ತಿದ್ದುದು, ಎಲ್ಲ ಒಟ್ಟಿಗೇ ಬಂತು. ಕಣ್ಣೊರೆಸಿಕೊಂಡು ಹೊಗೆ ಎಂದರು. ಹತ್ತಿರದಲ್ಲಿ ಒಲೆ ಯಾರೂ ಹಚ್ಚಿರಲಿಲ್ಲ. ಈ ಸೈಕಲ್ಲನ್ನು ಇಷ್ಟು ವರ್ಷ ಕೋಳಿಗೆ ಬಿಟ್ಟಿದ್ದಕ್ಕೆ ಅವರಿಗೆ ನಿಜವಾಗಿಯೂ ನಾಚಿಕೆಯಾಯಿತು.

"ಕೂಲಿ ಎಷ್ಟು ಸಾಬ್ರೇ?"

"ಕೂಲಿ ಬ್ಯಾಡ. ಒಂದು ಸುತ್ತು ಹೊಡೀತೀನಿ, ಬಿಡಿ."

ಖಾಸಿಂ ಸಾಬರು ಅರಳಿಕಟ್ಟೆಗೆ ಒಂದು ಸುತ್ತು ಬಂದರು. ಮುಖ ಮದುಮಗನದು. ದೊಡ್ಡತಾಯಮ್ಮ ಇಡೀ ಸೈಕಲ್ಲನ್ನು ಕೈಯಿಂದ ಸವರಿ ನೋಡಿ, "ಕಣ್ಣಾಯ್ತದೆ ಕಣ್ಲಾ ಮಗ" ಎಂದು ಸೀಟಿನ ಹಿಂದೆ ಒಂದು ನಿಂಬೆಹಣ್ಣು, ಮೂರು ಮೆಣಸಿನಕಾಯಿ, ಒಂದು ಹಳೇ ಮೆಟ್ಟು ಕಟ್ಟಿದಳು.

ಸೋಮವಾರ ಒಂಬತ್ತೂಕಾಲಿಗೆ ಬೀದಿಯೆಲ್ಲ ಸೇರಿ ಮೇಷ್ಟ್ರನ್ನು ಬೀಳ್ಕೊಟ್ಟಿತು. ಕರಿಯಯ್ಯ ಬೆಲ್ಲದ ಗಾಡಿ ನಿಲ್ಲಿಸಿ ಹಿಂದಿನಿಂದ ತಳ್ಳಿಕೊಟ್ಟ. ರೇವಮ್ಮ ಬಾಗಿಲಲ್ಲಿ ನಿಂತು, "ಸಾಯೇಬ್ರ ಮುಂದೆ ಬೆವುತ್ಕಂಡು ನಿಂತ್ಕಬ್ಯಾಡಿ" ಎಂದಳು. ಅವಳ ಕೈ ಹೊಟ್ಟೆಯ ಮೇಲಿತ್ತು. ಮೇಷ್ಟ್ರು ಅದನ್ನೇ ನೋಡಿಕೊಂಡು ಹೊರಟರು.

ಮೊದಲ ನಾಲ್ಕು ಮೈಲಿ ಸ್ವರ್ಗ. ಹುಲ್ಲಿನ ಟೈರು ಕರಕರ ಎನ್ನುತ್ತಿತ್ತು, ಮೆಟ್ಟು ಹಿಂದೆ ತಾಳ ಹಾಕುತ್ತಿತ್ತು. ದಾರಿಯಲ್ಲಿ ಇದ್ದಿಲು ಬಸ್ಸು ಕೆಟ್ಟು ನಿಂತಿತ್ತು. ಮೇಷ್ಟ್ರು ಬೆಲ್ಲು ಹೊಡೆದುಕೊಂಡು ಅದನ್ನು ದಾಟಿ ಹೋದರು. ಬದುಕಿನಲ್ಲಿ ಬಸ್ಸೊಂದನ್ನು ಹಿಂದೆ ಹಾಕಿದ್ದು ಅದೇ ಮೊದಲು.

ಆಮೇಲೆ ಹಳ್ಳದ ಇಳಿಜಾರು ಬಂತು. ಸೈಕಲ್ಲು ವೇಗ ಹಿಡಿಯಿತು. ಪೆಡಲ್ಲುಗಳು ಗಿರಗಿರ ತಿರುಗತೊಡಗಿದವು. ಮೇಷ್ಟ್ರು ಹಿಂದಕ್ಕೆ ಅದುಮಿದರು, ಆಣಿ ಪ್ರಾಣ ಹಿಂಡಿತು. ಬ್ರೇಕು ಹಿಡಿದರು, ಕೀಲೆಣ್ಣೆ ನಕ್ಕಿತು. ಕೊನೆಗೆ ಎರಡೂ ಕಾಲನ್ನು ಎರಡು ದಿಕ್ಕಿಗೆ ಚಾಚಿ, ಕಚ್ಚೆಪಂಚೆಯನ್ನು ಬಾವುಟದಂತೆ ಹಾರಿಸಿಕೊಂಡು, "ಪಟ್ಟಲದಮ್ಮಾ!" ಎಂದು ಊರದೇವತೆಯನ್ನು ಕೂಗುತ್ತಾ ಹಳ್ಳಕ್ಕೆ ಇಳಿದರು. ಮೊಣಕಾಲುದ್ದದ ನೀರು ಅವರನ್ನು ನಿಲ್ಲಿಸಿತು.

ಆಚೆ ದಡಕ್ಕೆ ಎಳೆದುಕೊಂಡು ಹೋಗಿ, ಕಳಚಿದ ಚೈನನ್ನು ಕೂರಿಸಲು ಕುಕ್ಕರಗಾಲಲ್ಲಿ ಕೂತರು. ನೀರು ಕುಡಿದ ಹುಲ್ಲು ಉಬ್ಬಿ ಹಿಂದಿನ ಟೈರಿನ ಹೊಲಿಗೆ ಎರಡು ಕಡೆ ಬಿಟ್ಟಿತ್ತು. ಬೆನ್ನ ಹಿಂದೆ ಏನೋ ಜಗಿಯುವ ಸದ್ದು. ತಿರುಗಿ ನೋಡಿದರೆ ಒಂದು ಕೆಂದು ಹಸು ಟೈರಿನ ಹುಲ್ಲನ್ನು ಎಳೆದು ಎಳೆದು ತಿನ್ನುತ್ತಿತ್ತು.

"ಹೈ! ಹೈ! ಯಾರ್ದಯ್ಯಾ ಈ ಹಸ?"

ಬದುವಿನ ಮೇಲೆ ಕೂತಿದ್ದ ಮುದುಕನೊಬ್ಬ ಬೀಡಿ ತೆಗೆಯದೆಯೇ ಹೇಳಿದ, "ನಂದೇ. ನೀನ್ಯಾಕಪ್ಪ ಉಲ್ಲನ್ನ ಗಾಲಿಗೆ ತುಂಬ್ಕಂಡು ಅದರ ಮೂತಿ ಮುಂದೆ ತತ್ತೀಯೆ?"

ವಾದಕ್ಕೆ ಹೊತ್ತಿರಲಿಲ್ಲ. ಮೇಷ್ಟ್ರು ಹತ್ತಿ ತುಳಿದರು. ಹಸು ಬಿಡಲಿಲ್ಲ. ಟೈರಿನಿಂದ ಗೇಣುದ್ದ ಹೊರಗೆ ಬಂದ ಹುಲ್ಲು ಸುತ್ತಿಗೊಮ್ಮೆ ಅದರ ಮೂಗಿನ ಮುಂದೆ ಆಸೆ ತೋರಿಸಿ ಹೋಗುತ್ತಿತ್ತು. ಹಸು ಓಡಿತು. ಹಸು ಓಡಿದ ಹಾಗೆ ಮೇಷ್ಟ್ರೂ ತುಳಿದರು. ಹಸುವಿನ ಹಿಂದೆ ಮುದುಕ, "ನನ್ ಹಸ, ನನ್ ಹಸ" ಎಂದು ಓಡಿದ. ಉಳಿದ ಎರಡು ಮೈಲಿ ಎಷ್ಟು ಬೇಗ ಮುಗಿಯಿತೆಂದು ಮೇಷ್ಟ್ರಿಗೇ ತಿಳಿಯಲಿಲ್ಲ.

ಶಾಲೆಯ ಅಂಗಳದಲ್ಲಿ ಇನ್ಸ್‌ಪೆಕ್ಟರ್ ಸಾಹೇಬರು ಜೇಬಿನ ಗಡಿಯಾರ ಹಿಡಿದು ನಿಂತಿದ್ದರು. ಮೇಷ್ಟ್ರು ಗೇಟಿನೊಳಗೆ ನುಗ್ಗಿದರು. ನಿಲ್ಲಿಸಲಾಗಲಿಲ್ಲ. ಬೇವಿನ ಮರಕ್ಕೆ ಒಂದು ಸುತ್ತು ಬಂದು ಸಾಹೇಬರಿಗೆ ನಮಸ್ಕಾರ ಮಾಡಿದರು. ಎರಡನೆಯ ಸುತ್ತಿಗೆ "ಗುಡ್ ಮಾರ್ನಿಂಗ್ ಸಾರ್" ಎಂದರು. ಮಕ್ಕಳು ಸಾಲಾಗಿ ನಿಂತು ಸುತ್ತು ಎಣಿಸಿದವು. ಮೂರನೆಯ ಸುತ್ತಿನಲ್ಲಿ ಮೇಷ್ಟ್ರು ಬೇವಿನ ಮರವನ್ನೇ ತಬ್ಬಿಕೊಂಡರು, ಹಸು ಬಂದು ಟೈರಿಗೆ ಬಾಯಿ ಹಾಕಿತು.

ಸಾಹೇಬರು ಗಡಿಯಾರ ನೋಡಿದರು. "ಹತ್ತು ಗಂಟೆ ಇಪ್ಪತ್ತೆಂಟು ನಿಮಿಷ. ಭೇಷ್!"

ಆ ಒಂದು ಮಾತಿಗೆ ಮೇಷ್ಟ್ರ ಮೈಯ ನೋವೆಲ್ಲ ಇಳಿಯಿತು. ತಪಾಸಣೆ ಹೂವಿನ ಸರ ಎತ್ತಿದಂತೆ ನಡೆಯಿತು. ಮಕ್ಕಳು ಕೇಳಿದ್ದಕ್ಕೆಲ್ಲ ಉತ್ತರ ಹೇಳಿದವು. ಮಧ್ಯೆ ಮಧ್ಯೆ ಸಾಹೇಬರು ಕಿಟಕಿಯಿಂದ ಸೈಕಲ್ಲಿನ ಕಡೆ ನೋಡುತ್ತಿದ್ದರು. ಎಲ್ಲ ಮುಗಿದ ಮೇಲೆ ಪುಸ್ತಕ ತೆರೆದು, ಹಳೆಯ ಕೆಂಪು ಬರಹದ ಮೇಲೆ ಗೀಟು ಎಳೆದರು.

"ಮೇಷ್ಟ್ರೇ, ನಿಮ್ಮ ವಿಷಯದಲ್ಲಿ ನಾನು ತಪ್ಪು ತಿಳಿದಿದ್ದೆ. ಆ ಸೈಕಲ್ಲು ಸ್ವಂತದ್ದೇನು?"

"ಸ್ವಂತದ್ದೇ ಸಾರ್. ನಮ್ಮ ತಂದೆಯವರದು."

"ಈ ಯುದ್ಧದ ಕಾಲದಲ್ಲಿ ಓಡುವ ಸೈಕಲ್ಲಿರುವ ಮೇಷ್ಟ್ರು ನನ್ನ ಕೈಕೆಳಗೆ ಇನ್ನೊಬ್ಬರಿಲ್ಲ. ಹಸು ಅಟ್ಟಿಸಿಕೊಂಡು ಬಂದರೂ ಸಮಯಕ್ಕೆ ಬಂದಿರಿ. ಇಂಥವರನ್ನೇ ನಾನು ಹುಡುಕುತ್ತಿದ್ದದ್ದು." ಸಾಹೇಬರು ಹೊಸ ಹಾಳೆ ತೆಗೆದು ಸರಸರ ಬರೆದು ಸಹಿ ಹಾಕಿದರು. "ಸಂತೋಷದ ಸುದ್ದಿ. ನಿಮ್ಮನ್ನು ಹೆಡ್‌ಮಾಸ್ಟರ್ ಮಾಡಿದ್ದೇನೆ. ಕಿರುಬನದೊಡ್ಡಿಗೆ."

"ಸಾರ್... ಅಲ್ಲಿ... ಅಲ್ಲಿ ಬೇರೆ ಮೇಷ್ಟ್ರು?"

"ಯಾರೂ ಇಲ್ಲ. ನೀವೊಬ್ಬರೇ. ಅದಕ್ಕೇ ಹೆಡ್‌ಮಾಸ್ಟರ್."

"ಸಾರ್, ಇವತ್ತು ನಾನು ತಡವಾಗಿ ಬಂದಿದ್ದರೆ ಏನು ಮಾಡ್ತಿದ್ರಿ?"

ಸಾಹೇಬರು ನಕ್ಕು ಅವರ ಬೆನ್ನು ತಟ್ಟಿದರು. "ಏನು ಮಾಡಲಿ? ಇನ್ನೊಂದು ಎಚ್ಚರಿಕೆ ಬರೆದು ಬಿಡುತ್ತಿದ್ದೆ. ವಾಹನವಿಲ್ಲದ ಮೇಷ್ಟ್ರನ್ನು ಆ ಊರಿಗೆ ಹಾಕಕೂಡದು ಅಂತ ಮೇಲಿನಿಂದ ಹುಕುಂ ಬಂದು ಮೂರು ತಿಂಗಳಾಯಿತು. ಸೈಕಲ್ಲು ಓಡುತ್ತಿರುವವರೆಗೂ ನೀವು ಅಲ್ಲೇ ಇರಬಹುದು, ಯಾರೂ ಅಲುಗಾಡಿಸುವುದಿಲ್ಲ."

ಸಂಜೆ ಮೇಷ್ಟ್ರು ಸೈಕಲ್ಲನ್ನು ತಳ್ಳಿಕೊಂಡೇ ಆರು ಮೈಲಿ ಕುಂಟಿ ಬಂದರು. ಹತ್ತಲು ಮನಸ್ಸು ಬರಲಿಲ್ಲ. ಬೀದಿಯಲ್ಲಿ ರೇವಮ್ಮ, ದೊಡ್ಡತಾಯಮ್ಮ, ಮದ್ದೂರಿನಿಂದ ಆಗಲೇ ಬಂದಿದ್ದ ಕರಿಯಯ್ಯ ಎಲ್ಲ ಕಾದು ನಿಂತಿದ್ದರು.

"ಒತ್ತಿಗೆ ಸರ್ಯಾಗಿ ಓದ್ರಾ?" ರೇವಮ್ಮ ಕೇಳಿದಳು.

"ಓದೆ."

"ಸಾಯೇಬ್ರು ಏನಂದ್ರು?"

"ಮೆಚ್ಕಂಡ್ರು."

"ಮೆಚ್ಕಂಡು?"

"ಮೆಚ್ಕಂಡು ಕಿರುಬನದೊಡ್ಡಿಗೆ ಹಾಕುದ್ರು. ಈ ಸೈಕಲ್ ಓಡೋಗಂಟ ಅಲ್ಲೇ ಇರಬೇಕಂತೆ."

ರೇವಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ದೊಡ್ಡತಾಯಮ್ಮ ಅವಳ ತೋಳು ಹಿಡಿದು, "ನಾನಿವ್ನಿ ಕಣವ್ವ, ನಾನೇನ್ ಸತ್ತೋಗಿದ್ದೀನಾ?" ಎಂದು ಒಳಗೆ ಕರೆದುಕೊಂಡು ಹೋದಳು.

ಕರಿಯಯ್ಯನಿಗೆ ಗೆಳೆಯನ ಮುಖ ನೋಡಲಾಗಲಿಲ್ಲ. ಹೇಗಾದರೂ ಸಮಾಧಾನ ಹೇಳಬೇಕು. ಟೈರನ್ನು ಬೆರಳಲ್ಲಿ ಒತ್ತಿ ನೋಡಿದ, ಚೈನು ಎಳೆದು ನೋಡಿದ, ಚಕ್ರ ತಿರುಗಿಸಿ ನೋಡಿದ. ಆಮೇಲೆ ಎದ್ದು ನಿಂತು ಮೇಷ್ಟ್ರ ಹೆಗಲ ಮೇಲೆ ಕೈಯಿಟ್ಟ.

"ಎದ್ರುಕಬ್ಯಾಡ ಕಣ್ಲಾ ಪುಟ್ಮಾದ. ಎರಡು ವಲಿಗೆ ಆಕುದ್ರೆ ಮುಗೀತು. ನಾನೇ ಕೂತ್ಕಂಡು ಕಟ್ಟಿರೋ ಗಾಲಿ. ಇನ್ನು ಇಪ್ಪತ್ತು ವರ್ಸ ಇದಕ್ಕೆ ಏನೂ ಆಗಕಿಲ್ಲ."

"ಅದೇ ಕಣ್ಲಾ ನಂಗೂ ಎದ್ರಿಕೆ" ಎಂದರು ಮೇಷ್ಟ್ರು.